ಹನ್ನೊಂದನೇ ಕೋಣೆಯ ಗಾಳಿ

ಶೋಭಾಳ ತಾಯಿ ಮಲ್ಲವ್ವ ಹುಬ್ಬಳ್ಳಿಯ ಒಂದು ಹಿಟ್ಟಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಬೆಲ್ಟು ತಿರುಗುವ ಸದ್ದಿಗೆ ಕಿವಿ ಮಂದವಾಯಿತು. ಮನೆಗೆ ಬಂದವರು ಏನಾದರೂ ಕೇಳಿದರೆ, ಕೇಳಿಸದಿದ್ದರೂ ಮಲ್ಲವ್ವ ತಲೆಯಾಡಿಸಿ ನಗುತ್ತಿದ್ದರು. "ಇನ್ನೊಮ್ಮೆ ಹೇಳ್ರಿ" ಅನ್ನುವುದಕ್ಕಿಂತ ನಕ್ಕುಬಿಡುವುದು ಅವರಿಗೆ ಸುಲಭವಾಗಿತ್ತು. ಮನೆಯಲ್ಲಿ ಎಲ್ಲರಿಗೂ ಅದು ತಮಾಷೆ. ಚಿಕ್ಕವಳಿದ್ದಾಗ ಶೋಭಾಳೂ ಅವರ ಜೊತೆ ಸೇರಿ ನಕ್ಕವಳೇ. ದೊಡ್ಡವಳಾದ ಮೇಲೆ ಆ ನಗೆಯ ಹಿಂದಿನ ನಾಚಿಕೆ ಅರ್ಥವಾಯಿತು. ಅಷ್ಟರಲ್ಲಿ ಅವಳು ಮದುವೆಯಾಗಿ ಲಾಸ್ ಏಂಜಲೀಸಿಗೆ ಬಂದಾಗಿತ್ತು.

ಗಂಡ ಚನ್ನವೀರ ಸ್ಯಾನ್ ಪೀಡ್ರೊ ಬಂದರಿನಲ್ಲಿ ಹಡಗು ಸಾಗಣೆಯ ಒಂದು ಕಂಪನಿಯ ಆಫೀಸಿನಲ್ಲಿದ್ದ. ಹುಬ್ಬಳ್ಳಿಯಲ್ಲಿ ಬಿ.ಎಡ್. ಮಾಡಿ ಎರಡು ವರ್ಷ ಪಾಠ ಹೇಳಿದ್ದ ಶೋಭಾ ಇಲ್ಲಿ ಹತ್ತು ವರ್ಷ ಮನೆಯಲ್ಲೇ ಉಳಿದಳು. ಮಗಳು ಸುರಭಿಯನ್ನು ಶಾಲೆಗೆ ಬಿಡುವುದು, ಕರೆತರುವುದು, ಅಷ್ಟೇ ಅವಳ ಹೊರಗಿನ ಪ್ರಪಂಚ. ಕೋವಿಡ್ಡಿನಲ್ಲಿ ಮುಚ್ಚಿದ್ದ ಶಾಲೆಗಳು ೨೦೨೧ರಲ್ಲಿ ಮತ್ತೆ ತೆರೆದಾಗ ಎಲ್ಲ ಕಡೆ ಜನ ಸಾಲದೆ ಹೋದರು. ಆಗ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಪರಿಚಯವಾಗಿದ್ದ ಲೀಲಾ ಸತ್ಯಮೂರ್ತಿ ಅವಳಿಗೆ ಫೋನ್ ಮಾಡಿದರು.

ಲೀಲಾ ಮೈಸೂರಿನವರು, ಅರವತ್ತರ ಹತ್ತಿರದವರು. ಬಂದರಿನ ಮೇಲಿನ ಗುಡ್ಡದಲ್ಲಿದ್ದ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೈದು ವರ್ಷದಿಂದ ಎರಡನೇ ತರಗತಿಯ ಟೀಚರ್. ಮಕ್ಕಳಿಗೆ ಅವರು 'ಮಿಸೆಸ್ ಮೂರ್ತಿ'.

"ನೋಡು ಶೋಭಾ, ನನ್ನ ಕ್ಲಾಸಿಗೆ ಒಬ್ಬರು ಏಡ್ ಬೇಕು. ಮಕ್ಕಳ ಪಕ್ಕ ಕೂತು ಓದಿಸೋದು, ಬರೆಸೋದು. ನೀನು ಅಪ್ಲೈ ಮಾಡು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರು.

ಶೋಭಾಳಿಗೆ ಮೊದಲ ದಿನವೇ ಅವರ ಮೇಲೆ ಭಕ್ತಿ ಹುಟ್ಟಿತು. ಲೀಲಾ ಕತೆ ಓದಿ ಹೇಳುವಾಗ ಪಕ್ಕದ ಕೋಣೆಯ ಮಕ್ಕಳೂ ಕಿವಿ ನಿಮಿರಿಸುವಂಥ ಕಂಠ. ಹುಲಿ ಬಂದರೆ ಹುಲಿ, ಕಪ್ಪೆ ಬಂದರೆ ಕಪ್ಪೆ. ಶೋಭಾಳ ತಪ್ಪು ಇಂಗ್ಲಿಷನ್ನು ಯಾರೆದುರೂ ತಿದ್ದುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಮೆಲ್ಲಗೆ, ಕನ್ನಡದಲ್ಲಿ ಹೇಳುತ್ತಿದ್ದರು.

ಅವರಿದ್ದದ್ದು ಹನ್ನೊಂದನೇ ಕೋಣೆ. ಕಿಟಕಿ ತೆರೆದರೆ ಬಂದರಿಗೆ ಹೋಗುವ ಟ್ರಕ್ಕುಗಳ ಡೀಸೆಲ್ ಹೊಗೆ ಒಳಗೆ ಬರುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದರೆ ಕರಿ ಹತ್ತುತ್ತಿತ್ತು. ಮುಚ್ಚಿದರೆ ಗೋಡೆಯಲ್ಲಿದ್ದ ಹಳೆಯ ಎ.ಸಿ. ಒಳಗಿನ ಗಾಳಿಯನ್ನೇ ಸುತ್ತಿಸುತ್ತಿತ್ತು, ಇಪ್ಪತ್ತನಾಲ್ಕು ಮಕ್ಕಳ ಉಸಿರು, ಕೆಮ್ಮು, ಸೀನು ಎಲ್ಲ ಸೇರಿ. ಕೋವಿಡ್ಡಿನ ವರ್ಷ ಲೀಲಾ ಇದನ್ನು ಹಿಡಿದು ಬಿಡಲಿಲ್ಲ. ಶಿಕ್ಷಣ ಮಂಡಳಿಯ ಸಭೆಗಳಲ್ಲಿ ಮತ್ತೆ ಮತ್ತೆ ಮಾತಾಡಿದರು, ಪತ್ರ ಬರೆದರು, ತಂದೆತಾಯಿಯರ ಸಹಿ ಹಾಕಿಸಿದರು. ಕೊನೆಗೆ ಪ್ರತಿ ಕೋಣೆಗೂ ಗಾಳಿ ಶುದ್ಧ ಮಾಡುವ ಒಂದು ಯಂತ್ರ ಬಂತು. ಸೊಂಟದೆತ್ತರದ ಬಿಳಿ ಡಬ್ಬ. ಒಂದರಿಂದ ನಾಲ್ಕು ನಂಬರ್ ವೇಗ. ನಾಲ್ಕಕ್ಕೆ ಇಟ್ಟರೆ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಬಂದವರು ಹೇಳಿ ಹೋದರು.

ಲೀಲಾ ಅದನ್ನು ಶೋಭಾಳ ಕೈಗೆ ಒಪ್ಪಿಸಿದರು. "ಇದು ನಿನ್ನ ಜವಾಬ್ದಾರಿ. ಬೆಳಿಗ್ಗೆ ಬಂದ ತಕ್ಷಣ ನಾಲ್ಕಕ್ಕೆ ಹಾಕು. ಎರಡು ತಿಂಗಳಿಗೊಂದು ಸಲ ಫಿಲ್ಟರ್ ಬದಲಾಯಿಸು. ನನಗೆ ಬೋರ್ಡ್ ಹತ್ರ ನಿಂತ್ರೆ ಇದೆಲ್ಲ ನೆನಪಿರಲ್ಲ."

ಎರಡು ವರ್ಷ ಶೋಭಾ ಅದನ್ನು ತಪ್ಪದೆ ನೋಡಿಕೊಂಡಳು.

೨೦೨೩ರ ಆಗಸ್ಟಿನಲ್ಲಿ ಆ ತರಗತಿಗೆ ಮಾರಿಸೋಲ್ ಎಂಬ ಹುಡುಗಿ ಬಂದಳು. ಏಳು ವರ್ಷ. ಎರಡು ಕಿವಿಗೂ ನೇರಳೆ ಬಣ್ಣದ ಶ್ರವಣಯಂತ್ರ. ತಾಯಿ ಬಂದರಿನಲ್ಲಿ ಮೀನು ಪ್ಯಾಕ್ ಮಾಡುವ ಕಡೆ ಕೆಲಸದಲ್ಲಿದ್ದಳು. ಟೀಚರ್ ಕೊರಳಿಗೆ ಒಂದು ಸಣ್ಣ ಮೈಕ್ ಹಾಕಿಕೊಂಡರೆ ಅವರ ಮಾತು ನೇರ ಮಗುವಿನ ಕಿವಿಗೇ ಹೋಗುವಂಥ ಸಾಧನ ಇದೆ, ಬೇಗ ಬರುತ್ತದೆ ಎಂದು ಶಾಲೆಯಲ್ಲಿ ಹೇಳಿದ್ದರು. ಒಂದು ಫಾರಂ ಹೋಯಿತು, ಇನ್ನೊಂದು ಬಂತು. ಮೈಕ್ ಮಾತ್ರ ಬರಲಿಲ್ಲ.

ಮಾರಿಸೋಲಳ ಪಕ್ಕ ಕೂರುವುದು ಶೋಭಾಳ ಕೆಲಸ. ಅವರ ಮೇಜು ಇದ್ದದ್ದು ಹಿಂದಿನ ಮೂಲೆಯಲ್ಲಿ, ಭರ್ರೆನ್ನುವ ಯಂತ್ರ ಕೈಗೆಟುಕುವಷ್ಟು ಹತ್ತಿರ. ಶೋಭಾ ಏನಾದರೂ ಕೇಳಿದರೆ ಹುಡುಗಿ ತಲೆಯಾಡಿಸಿ ನಗುತ್ತಿದ್ದಳು. ಲೀಲಾ ಬೋರ್ಡಿನ ಹತ್ತಿರದಿಂದ ಪ್ರಶ್ನೆ ಹಾಕಿದರೂ ನಗು. ಬಾಯಿ ಅಗಲವಾಗುತ್ತಿತ್ತು, ಕಣ್ಣು ಮಾತ್ರ ಎದುರಿನವರ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು.

ಶೋಭಾಳಿಗೆ ಗುರುತು ಸಿಕ್ಕಿತು. ಅವ್ವನ ನಗೆ ಅದು.

ನವೆಂಬರಿನ ಎರಡನೇ ವಾರ ಒಂದು ಬೆಳಿಗ್ಗೆ, ಲೀಲಾ ಮುಂದೆ ಪಾಠದಲ್ಲಿದ್ದಾಗ, ಶೋಭಾ ಕೈಚಾಚಿ ಯಂತ್ರವನ್ನು ನಾಲ್ಕರಿಂದ ಎರಡಕ್ಕೆ ಇಳಿಸಿದಳು. ಮಾರಿಸೋಲ್ ತಲೆಯೆತ್ತಿದಳು. ಶೋಭಾ ಪೂರ್ತಿ ಆಫ್ ಮಾಡಿದಳು. ಹುಡುಗಿ ಕಣ್ಣರಳಿಸಿ ಸುತ್ತ ನೋಡಿದಳು, ಯಾರೋ ಬಾಗಿಲು ತೆರೆದರೇನೋ ಎಂಬಂತೆ. ಶೋಭಾ ಮೆಲ್ಲಗೆ ಒಂದು ಲೆಕ್ಕ ಕೇಳಿದಳು. ಮಾರಿಸೋಲ್ ಥಟ್ಟನೆ ಉತ್ತರ ಕೊಟ್ಟಳು. ಇನ್ನೊಂದು ಕೇಳಿದಳು, ಅದಕ್ಕೂ ಸರಿಯಾದ ಉತ್ತರ. ಶೋಭಾ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದಳು. ಹುಡುಗಿಯೂ ಹಾಗೇ ಮಾಡಿದಳು. ಇಬ್ಬರಿಗೂ ಖುಷಿ.

ಅಂದಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಲೀಲಾ ಕಣ್ಣೆದುರು ಯಂತ್ರ ಹಾಕುವುದು, ಪಾಠ ಶುರುವಾದ ಮೇಲೆ ಆರಿಸುವುದು. ಅದರ ದೀಪ ಶೋಭಾಳ ಮೇಜಿನ ಕಡೆಗಿತ್ತು. ಬೋರ್ಡಿನ ಹತ್ತಿರ ಗೋಡೆಯ ಎ.ಸಿ.ಯೇ ಗುಂಯ್‌ಗುಟ್ಟುತ್ತಿದ್ದುದರಿಂದ ಲೀಲಾಗೆ ವ್ಯತ್ಯಾಸ ತಿಳಿಯಲಿಲ್ಲ. ಅವರು ಆಗೊಮ್ಮೆ ಈಗೊಮ್ಮೆ ಕೇಳುತ್ತಿದ್ದರು: "ಮಷೀನ್ ಹಾಕಿದ್ದೀಯಲ್ಲ ಶೋಭಾ?"

"ಹೂಂ ರಿ ಮೇಡಂ."

ಆ 'ಹೂಂ' ಹೇಳುವಾಗ ಮೊದಮೊದಲು ನಾಲಿಗೆ ತಡೆಯುತ್ತಿತ್ತು. ಆಮೇಲೆ ಅದೂ ರೂಢಿಯಾಯಿತು.

ಡಿಸೆಂಬರಿನಲ್ಲಿ ಕೋಣೆಯ ಏಳು ಮಕ್ಕಳು ಒಂದೇ ವಾರದಲ್ಲಿ ಜ್ವರ ಹಿಡಿದು ಮಲಗಿದರು. ಲೀಲಾಗೂ ಕೋವಿಡ್ ಬಂತು. ಜ್ವರ ಐದು ದಿನಕ್ಕೆ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಜನವರಿಯಲ್ಲಿ ಕೆಲಸಕ್ಕೆ ಬಂದಾಗ ಒಂದು ಪುಟ ಓದುವಷ್ಟರಲ್ಲಿ ಎರಡು ಸಲ ನಿಲ್ಲಿಸುತ್ತಿದ್ದರು. ಆ ವಾರವೇ ಫಿಲ್ಟರ್ ಬದಲಾಯಿಸುವ ದಿನ. ಶೋಭಾ ಹಳೆಯದನ್ನು ಹೊರಗೆಳೆಯುವಾಗ ಲೀಲಾ ಹತ್ತಿರವೇ ಇದ್ದರು. ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡು, ಎಷ್ಟು ಬೆಳ್ಳಗಿದೆ! ಪಕ್ಕದ ಕೋಣೇದು ಮಸಿ ಥರ ಇತ್ತು. ನೀನು ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯ ಕೋಣೇನ" ಎಂದು ಹೇಳಿ ಕೆಮ್ಮಿದರು.

ಬೇರೆ ಯಾರ ಕೋಣೆಯಲ್ಲಾದರೂ ಅಷ್ಟು ಬಿಳಿಯ ಫಿಲ್ಟರ್ ಕಂಡಿದ್ದರೆ ಅವರು ಬೇರೆ ಪ್ರಶ್ನೆ ಕೇಳುತ್ತಿದ್ದರು. ಇಲ್ಲಿ ಕೇಳಲಿಲ್ಲ, ಏಕೆಂದರೆ ಇಲ್ಲಿ ಶೋಭಾ ಇದ್ದಳು. ಶೋಭಾ ಅದನ್ನು ಅವರ ಕೈಯಿಂದ ಇಸಿದುಕೊಂಡು ಕಸದ ಚೀಲಕ್ಕೆ ತುರುಕಿದಳು.

ಅದಾದ ಮೇಲೆ ಎರಡು ದಿನ ಯಂತ್ರವನ್ನು ನಾಲ್ಕರಲ್ಲೇ ಓಡಿಸಿದಳು. ಎರಡನೇ ದಿನ ಲೀಲಾ "ಚಳಿಗಾಲದಲ್ಲಿ ಕರಡಿ ಏನು ಮಾಡುತ್ತೆ?" ಎಂದು ಕೇಳಿದ್ದಕ್ಕೆ ಮಾರಿಸೋಲ್ "ಕಿತ್ತಳೆಹಣ್ಣು" ಅಂದಳು. ಇಡೀ ತರಗತಿ ಗೊಳ್ಳೆಂದಿತು. ಹುಡುಗಿ ಅವರೊಂದಿಗೆ ತಾನೂ ನಕ್ಕಳು. ಶೋಭಾಳಿಗೆ ಅದನ್ನು ನೋಡಲಾಗಲಿಲ್ಲ. ಮಾರನೆಯ ದಿನ ಮತ್ತೆ ಆರಿಸಿದಳು. ಈ ಸಲ, ಮುಂದೆ ಕೆಮ್ಮುತ್ತ ನಿಂತವರನ್ನು ನೋಡುತ್ತಲೇ ಆರಿಸಿದಳು. ಆಮೇಲಾಮೇಲೆ ಅವಳನ್ನು ತಿಂದದ್ದು ಈ ಎರಡನೆಯ ಸಲದ್ದು. ಮೊದಲ ಸಲ ಗೊತ್ತಿರಲಿಲ್ಲ ಅನ್ನಬಹುದಿತ್ತು.

ಲೀಲಾಗೆ ಒಂದು ಮಾತು ಹೇಳಬಹುದಿತ್ತಲ್ಲ? ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಆದರೆ ಅದು ಅವರು ಊರೆಲ್ಲ ಹೋರಾಡಿ ತಂದ ಯಂತ್ರ. ಅದರ ಸದ್ದು ಒಂದು ಮಗುವಿಗೆ ಕಷ್ಟ ಅಂದರೆ ಅವರಿಗೆ ನೋವಾಗುತ್ತದೆ ಅಂದುಕೊಂಡಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ ಏನು ಉತ್ತರ ಕೊಡುವುದು ಎಂಬ ಭಯವೂ ಇತ್ತು. ದಿನ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಮಾರ್ಚಿನ ಹೊತ್ತಿಗೆ ಮಾರಿಸೋಲ್ ತಾನೇ ಪುಸ್ತಕ ಓದತೊಡಗಿದಳು. ಲೀಲಾ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡರು. ಅದೇ ತಿಂಗಳು ಡಾಕ್ಟರು ಲೀಲಾಗೆ ಆಸ್ತಮಾ ಎಂದರು. ಅರವತ್ತೆರಡನೇ ವಯಸ್ಸಿಗೆ ಹೊಸದಾಗಿ ಬಂದ ಆಸ್ತಮಾ. ಇನ್ನೂ ಮೂರು ವರ್ಷ ಪಾಠ ಹೇಳುವ ಆಸೆಯಿದ್ದವರು ಜೂನಿನಲ್ಲಿ ನಿವೃತ್ತಿ ತೆಗೆದುಕೊಂಡರು. ಗಂಡ ಸತ್ಯಮೂರ್ತಿಯವರ ಜೊತೆ ಸ್ಯಾನ್ ಡಿಯೇಗೊಗೆ, ಮಗ ಆಕರ್ಷ್ ಮನೆಗೆ ಹೋದರು. ಹೋಗುವ ದಿನ ಶೋಭಾಳನ್ನು ತಬ್ಬಿಕೊಂಡು, "ನೀನು ಇಲ್ದಿದ್ರೆ ಈ ವರ್ಷ ದಾಟ್ತಿರಲಿಲ್ಲ ಕಣೆ" ಎಂದರು.

೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. ಬೆಂಕಿ ಸ್ಯಾನ್ ಪೀಡ್ರೊದಿಂದ ದೂರವಿದ್ದರೂ ಕಾರುಗಳ ಮೇಲೆ ಬೂದಿ ಬಿದ್ದಿತ್ತು. ಎರಡು ದಿನ ಮುಚ್ಚಿದ್ದ ಶಾಲೆ ಸೋಮವಾರ ತೆರೆದಾಗ, ಲೀಲಾ ಜಾಗಕ್ಕೆ ಬಂದಿದ್ದ ಹೊಸ ಟೀಚರ್, "ಯಂತ್ರ ಇಡೀ ದಿನ ನಾಲ್ಕರಲ್ಲೇ ಇರಲಿ" ಎಂದರು. ಮಾರಿಸೋಲ್ ಮೂರನೇ ತರಗತಿಗೆ ಹೋಗಿದ್ದಳು. ಆರಿಸಲು ಕಾರಣವೂ ಇರಲಿಲ್ಲ. ಮೂರನೇ ವಾರದಲ್ಲೇ ಫಿಲ್ಟರ್ ಬದಲಾಯಿಸಬೇಕೆನ್ನುವ ಕೆಂಪು ದೀಪ ಹತ್ತಿತು. ಶೋಭಾ ಮುಚ್ಚಳ ತೆಗೆದಳು. ರಜೆಯಲ್ಲಷ್ಟೇ ಹಾಕಿದ್ದ ಹೊಸ ಫಿಲ್ಟರ್ ಇದ್ದಿಲಿನಂತೆ ಕಪ್ಪಾಗಿತ್ತು. ಮುಟ್ಟಿದ ಬೆರಳಿಗೆ ಜಿಡ್ಡು ಜಿಡ್ಡು ಮಸಿ.

ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಪುಟ್ಟ ಕುರ್ಚಿಯ ಮೇಲೆ ಕೂತುಬಿಟ್ಟಳು. ಇದು ಕಾಡ್ಗಿಚ್ಚಿನ ಹೊಗೆ, ಅದು ಬೇರೆ, ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಆ ವರ್ಷದ ಟ್ರಕ್ಕಿನ ಮಸಿ, ಆ ಡಿಸೆಂಬರಿನ ಕೆಮ್ಮು ಫಿಲ್ಟರಿಗೆ ಹತ್ತಲಿಲ್ಲ ಅಂದಮೇಲೆ ಎಲ್ಲಿಗೋ ಹೋಗಿರಲೇಬೇಕಲ್ಲ.

ಆ ವಾರ ಅವಳಿಗೆ ಊಟ ಸೇರಲಿಲ್ಲ. ಶುಕ್ರವಾರ ಸಂಜೆ ಚನ್ನವೀರ ಕೇಳಿದ: "ಏನಾಗೇತಿ ನಿನಗ? ಒಂದ ರೊಟ್ಟಿ ತಿನ್ನಾಕ ಒಂದ ತಾಸು ಮಾಡಾಕತ್ತೀ."

ಶೋಭಾ ಎಲ್ಲವನ್ನೂ ಹೇಳಿದಳು. ಅವನು ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟ.

"ಈಗ ಹೇಳಿದ್ರ ಅವರ ಕೆಮ್ಮು ಹೊಕ್ಕೈತೇನು? ಸುಮ್ನ ಅವರ ಮನಸ್ಸಿಗೂ ತ್ರಾಸು. ನೀ ಏನ್ ಬೇಕಂತ ಮಾಡೀ ಏನು?"

"ಬೇಕಂತನ ಮಾಡೇನ್ರಿ" ಎಂದಳು ಶೋಭಾ. "ಎರಡನೇ ಸಲ ಬೇಕಂತನ ಮಾಡೇನಿ."

ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದ ಸುರಭಿ, ಇಷ್ಟು ಹೊತ್ತು ಫೋನ್ ನೋಡುತ್ತಿದ್ದವಳು, ತಲೆಯೆತ್ತದೆಯೇ ಹೇಳಿದಳು: "ಅಮ್ಮಾ, ಜಸ್ಟ್ ಟೆಲ್ ಹರ್."

ಶನಿವಾರ ಬೆಳಿಗ್ಗೆ ಸ್ಯಾನ್ ಡಿಯೇಗೊಗೆ ಚನ್ನವೀರನೇ ಡ್ರೈವ್ ಮಾಡಿದ. ದಾರಿಯುದ್ದಕ್ಕೂ ಬಲಗಡೆ ಸಮುದ್ರ ಹೊಳೆಯುತ್ತಿತ್ತು. ಹೇಗೆ ಶುರುಮಾಡುವುದೆಂದು ಶೋಭಾ ಮನಸ್ಸಿನಲ್ಲೇ ವಾಕ್ಯ ಕಟ್ಟಿ ಕಟ್ಟಿ ಕೆಡವುತ್ತಿದ್ದಳು. ಅಲ್ಲಿನ ಮೀರಾ ಮೆಸಾದಲ್ಲಿದ್ದ ಆಕರ್ಷ್ ಮನೆಯ ಬಾಗಿಲು ತೆರೆದವರು ಸತ್ಯಮೂರ್ತಿ. "ಬಾಮ್ಮ ಬಾ, ಬೆಳಿಗ್ಗೆಯಿಂದ ಲೀಲಾ ನಿನ್ನದೇ ಜಪ" ಎಂದರು. ಅದನ್ನು ಕೇಳಿ ಅವಳಿಗೆ ಬಂದ ದಾರಿಯಲ್ಲೇ ಹಿಂದಿರುಗೋಣ ಅನ್ನಿಸಿತು.

ಲೀಲಾ ಇಳಿದುಹೋಗಿದ್ದರು. ಪಕ್ಕದಲ್ಲಿ ನೀಲಿ ಇನ್‌ಹೇಲರ್. ಅವರೇ ಮಾತು ಶುರುಮಾಡಿದರು: ಇಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕ್ಲಾಸ್ ನಡೆಯುತ್ತದೆ, ಪಾಠ ಮಾಡಿ ಅಂತ ಕರೆದಿದ್ದರು, ಎರಡು ವಾರ ಹೋದೆ, ಕತೆ ಓದೋಕೇ ಉಸಿರು ಸಾಲಲಿಲ್ಲ, ಬಿಟ್ಟುಬಿಟ್ಟೆ. ಇದನ್ನೆಲ್ಲ ನಗುತ್ತಲೇ ಹೇಳಿದರು. ಸತ್ಯಮೂರ್ತಿ ಕಾಫಿ ಕೊಟ್ಟು ಚನ್ನವೀರನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

ಕಟ್ಟಿಕೊಂಡು ಬಂದಿದ್ದ ವಾಕ್ಯ ಒಂದೂ ನೆರವಿಗೆ ಬರಲಿಲ್ಲ.

"ಮೇಡಂ, ಆ ಮಷೀನ್ ನಾನ ಬಂದ್ ಮಾಡ್ತಿದ್ದೆರಿ."

"ಯಾವ ಮಷೀನು?"

"ನಮ್ಮ ಕ್ಲಾಸಿಂದು. ನೀವು ಹಾಕೀ ಏನು ಅಂತ ಕೇಳಿದಾಗ ನಾ ಹೂಂ ಅಂತಿದ್ದೆ. ಸುಳ್ಳ ಹೇಳ್ತಿದ್ದೆರಿ."

ಲೀಲಾ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟರು. ಮುಖದಲ್ಲಿ ಏನೂ ಕಾಣಲಿಲ್ಲ. ತರಗತಿಯಲ್ಲಿ ತಪ್ಪು ಮಾಡಿದ ಮಗುವನ್ನು ವಿಚಾರಿಸುವ ದನಿಯಲ್ಲಿ ಕೇಳಿದರು: "ಯಾವತ್ತಿಂದ?"

"ನವೆಂಬರ್ ಎರಡನೇ ವಾರದಿಂದ."

"ನನಗೆ ಕೋವಿಡ್ ಬಂದಿದ್ದು ಡಿಸೆಂಬರ್ ಹನ್ನೆರಡಕ್ಕೆ."

"ಹೌದ್ರಿ."

"ಅವತ್ತೂ ಆಫ್ ಆಗಿತ್ತಾ?"

"ಹೌದ್ರಿ ಮೇಡಂ."

"ಆ ಫಿಲ್ಟರು…" ಎಂದು ಲೀಲಾ ಅರ್ಧಕ್ಕೇ ನಿಲ್ಲಿಸಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು ಅವರಿಗೂ ನೆನಪಾಗಿತ್ತು. "ನಾನೆಂಥ ಪೆದ್ದಿ. ನಿನ್ನನ್ನ ಹೊಗಳ್ದೆ ಬೇರೆ."

ಶೋಭಾ ಅಳಲಿಲ್ಲ. ಅತ್ತರೆ ಅವರು ಸಮಾಧಾನ ಮಾಡಬೇಕಾಗುತ್ತದೆ, ಅದನ್ನು ಅವರಿಂದ ಪಡೆಯುವ ಹಕ್ಕು ತನಗಿಲ್ಲ ಎಂದು ದಾರಿಯಲ್ಲೇ ಗಟ್ಟಿಮಾಡಿಕೊಂಡಿದ್ದಳು. ಮಾರಿಸೋಲಳ ವಿಷಯ ಹೇಳಿದಳು: ಯಂತ್ರ ಓಡುವಾಗ ಆ ಮಗುವಿಗೆ ಏನೂ ಕೇಳಿಸುತ್ತಿರಲಿಲ್ಲ, ನಿಂತಾಗ ಕೇಳಿಸುತ್ತಿತ್ತು. ತನ್ನ ಅವ್ವನ ವಿಷಯ ಮಾತ್ರ ಹೇಳಲಿಲ್ಲ. ಅದು ನೆಪವಾಗುತ್ತಿತ್ತು.

ಲೀಲಾಗೆ ಆಗ ಸಿಟ್ಟು ಬಂತು. ಅವಳು ಅದುವರೆಗೆ ಕಂಡಿರದ ಸಿಟ್ಟು.

"ಯಾಕೆ ನನಗೆ ಹೇಳ್ಲಿಲ್ಲ? ಒಂದು ಮಾತು! ಮಗೂನ ಮುಂದಕ್ಕೆ ಕೂರಿಸ್ತಿದ್ದೆ. ಮಷೀನನ್ನ ಬಾಗಿಲ ಹತ್ರ ಇಡ್ತಿದ್ದೆ. ಇನ್ನೊಂದು ಮಷೀನ್ ಕೇಳಿ, ಎರಡನ್ನೂ ಮೆಲ್ಲಗೆ ಓಡಿಸಬಹುದಿತ್ತು. ಆ ಮೈಕಿಗೋಸ್ಕರ ಆಫೀಸ್ ಮುಂದೆ ಹೋಗಿ ಕೂತ್ಕೋತಿದ್ದೆ. ನನ್ನ ಏನಂದ್ಕೊಂಡಿದ್ದೆ ನೀನು? ಮಗುಗಿಂತ ಮಷೀನೇ ಹೆಚ್ಚು ಅನ್ನೋಳು ಅಂದ್ಕೊಂಡ್ಯಾ?"

ಮಾತು ಕೆಮ್ಮಿನಲ್ಲಿ ಮುಳುಗಿತು. ಶೋಭಾ ನೀರು ಕೊಡಲು ಎದ್ದಳು. ಲೀಲಾ ಕೈ ಅಡ್ಡ ಹಿಡಿದು ಬೇಡವೆಂದರು. ಇನ್‌ಹೇಲರ್ ಎಳೆದುಕೊಂಡು ಕಣ್ಣು ಮುಚ್ಚಿ ಕೂತರು. ಬಹಳ ಹೊತ್ತಾದ ಮೇಲೆ ಮಾತಾಡಿದಾಗ ದನಿ ಇಳಿದಿತ್ತು.

"ಅವಳ ರಿಪೋರ್ಟ್ ಕಾರ್ಡಲ್ಲಿ ನಾನು ಬರ್ದಿದ್ದೆ. 'ಗಮನ ಕೊಡುವುದಿಲ್ಲ' ಅಂತ. ಅವರಮ್ಮನ್ನ ಕರೆಸಿ ಬಾಯಲ್ಲೂ ಹೇಳ್ದೆ. ಪಾಪ, ಆಯಮ್ಮ ತಲೆ ತಗ್ಗಿಸ್ಕೊಂಡು ಹೋದ್ಲು. ಮಾರ್ಚಲ್ಲಿ ಮಗು ಓದೋಕೆ ಶುರು ಮಾಡಿದಾಗ ನನ್ನ ಪಾಠದಿಂದ ಅಂದ್ಕೊಂಡೆ."

"ನಿಮ್ಮ ಪಾಠದಿಂದನ ರಿ…"

"ಬೇಡ. ಈಗ ಅದೆಲ್ಲ ಹೇಳ್ಬೇಡ." ಸ್ವಲ್ಪ ತಡೆದು, "ಅದರಿಂದಲೇ ನನಗೆ ಹೀಗಾಯ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ಕೋವಿಡ್ ಇರಬಹುದು, ಇಪ್ಪತ್ತೆಂಟು ವರ್ಷ ಕುಡಿದ ಬಂದರಿನ ಗಾಳಿ ಇರಬಹುದು. ನಿನ್ನಿಂದ ಅಂತ ನಾನು ಹೇಳಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ. ಇವತ್ತು ಹೋಗು ಶೋಭಾ. ಪ್ರಿನ್ಸಿಪಾಲ್‌ಗೆ ಹೇಳು. ಬೇರೆ ಕೋಣೆಗಳಲ್ಲೂ ಹೀಗೇ ನಡೀತಿರಬಹುದು."

ಕಾರಿನವರೆಗೆ ಸತ್ಯಮೂರ್ತಿ ಬಂದರು. ತೆರೆದ ಕಿಟಕಿಯಲ್ಲಿ ಅವರಿಗೆ ಎಲ್ಲ ಕೇಳಿಸಿತ್ತು. "ಬಂದು ಹೇಳಿದ್ದು ಒಳ್ಳೇದಾಯ್ತು ಅಂತ ನಾನು ಹೇಳಲ್ಲಮ್ಮ. ನನಗೇ ಗೊತ್ತಾಗ್ತಿಲ್ಲ. ಹುಷಾರಾಗಿ ಹೋಗಿ" ಎಂದು ಹೇಳಿ, ಚನ್ನವೀರನ ಹೆಗಲು ಮುಟ್ಟಿ ಒಳಗೆ ಹೋದರು.

ಸೋಮವಾರ ಶೋಭಾ ಪ್ರಿನ್ಸಿಪಾಲರ ಮುಂದೆ ನಿಂತು ಹೇಳಿದಳು. ಕೆಲಸ ಹೋಗಬಹುದೆಂದು ಸಿದ್ಧವಾಗಿಯೇ ಹೋಗಿದ್ದಳು. ಹೋಗಲಿಲ್ಲ. ಎಚ್ಚರಿಕೆಯ ಪತ್ರವೊಂದು ಫೈಲು ಸೇರಿತು. ಪ್ರಿನ್ಸಿಪಾಲ್ ಅಂದೇ ಮಧ್ಯಾಹ್ನ ಯಾರಿಗೂ ಹೇಳದೆ ಇಪ್ಪತ್ತೆರಡು ಕೋಣೆಗಳನ್ನೂ ಸುತ್ತಿದರು. ಒಂಬತ್ತರಲ್ಲಿ ಯಂತ್ರ ಆರಿತ್ತು, ಒಂದರಲ್ಲಿ ಅದರ ಮೇಲೆ ಹೂಕುಂಡ ಇಟ್ಟಿದ್ದರು. ಎಲ್ಲರದೂ ಒಂದೇ ಮಾತು: ಆ ಗದ್ದಲದಲ್ಲಿ ಪಾಠ ಹೇಳುವುದು ಹೇಗೆ? ಯಾರೂ ಮೇಲಿನವರಿಗೆ ತಿಳಿಸಿರಲಿಲ್ಲ. ಎಲ್ಲರೂ ಸುಮ್ಮನೆ ಗುಂಡಿ ಒತ್ತಿದ್ದರು.

ಮಾರ್ಚಿನಲ್ಲಿ ದೊಡ್ಡ ಫಿಲ್ಟರಿನ, ಕಡಿಮೆ ಸದ್ದಿನ ಯಂತ್ರಗಳು ಕೋಣೆಗೆ ಎರಡರಂತೆ ಬಂದವು. ಗೋಡೆಯ ಎ.ಸಿ.ಗಳನ್ನೂ ಬಿಚ್ಚಿ, ಹೊರಗಿನ ಗಾಳಿ ಸೋಸಿ ಒಳಗೆ ಬರುವಂತೆ ಸರಿಪಡಿಸಿದರು. ಸಹೋದ್ಯೋಗಿಗಳಲ್ಲಿ ಕೆಲವರು ಶೋಭಾಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅವಳು ಅದನ್ನು ನುಂಗಿಕೊಂಡಳು. ಅಷ್ಟಾದರೂ ತನಗೆ ಸಿಗಬೇಕಾದದ್ದೇ ಅನ್ನಿಸುತ್ತಿತ್ತು.

ಸ್ಯಾನ್ ಡಿಯೇಗೊದಿಂದ ಎರಡು ತಿಂಗಳು ಫೋನ್ ಬರಲಿಲ್ಲ. ಯುಗಾದಿಯ ದಿನ ಬಂತು.

"ಹಬ್ಬದ ಶುಭಾಶಯ ಶೋಭಾ. ಹೇಗಿದ್ದೀರಿ?" ಎಂದರು ಲೀಲಾ.

'ಇದ್ದೀರಿ.' ನಾಲ್ಕು ವರ್ಷ ನೀನು, ಬಾರೆ, ಕಣೆ ಎಂದ ಬಾಯಿಗೆ ಈಗ ಶೋಭಾ 'ನೀವು' ಆಗಿದ್ದಳು. ಸಿಟ್ಟಿನ ದನಿಯಲ್ಲ, ಮರ್ಯಾದೆಯ ದನಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮರ್ಯಾದೆ ಮಾತ್ರ ಎಲ್ಲೋ ಒಳಗೆ ಹೋಗಿ ಕೂತಿತು.

"ನಿಮ್ಮಿಂದ ಒಂದು ಸಹಾಯ ಆಗ್ಬೇಕಿತ್ತು" ಎಂದು ಲೀಲಾ ಮುಂದುವರಿಸಿದರು. "ಮಾರಿಸೋಲ್ ತಾಯಿಗೆ ಒಂದು ಕಾಗದ ಬರ್ದಿದ್ದೀನಿ. ನಾನು ಬರ್ದಿದ್ದು ತಪ್ಪು, ಮಗು ಗಮನ ಕೊಡ್ತಿತ್ತು, ಕೇಳಿಸ್ತಿರಲಿಲ್ಲ ಅಷ್ಟೇ ಅಂತ. ಪೋಸ್ಟಲ್ಲಿ ಕಳಿಸೋಕೆ ವಿಳಾಸ ಇಲ್ಲ. ತಲುಪಿಸ್ತೀರಾ?"

"ತಲುಪಸ್ತೇನ್ರಿ ಮೇಡಂ."

ಕಾಗದ ಮುಂದಿನ ವಾರ ಬಂತು. ಶಾಲೆ ಬಿಡುವ ಹೊತ್ತಿಗೆ ಶೋಭಾ ಗೇಟಿನ ಹತ್ತಿರ ಆ ತಾಯಿಯ ಕೈಗೆ ಕೊಟ್ಟಳು. ಆಕೆಗೆ ಇಂಗ್ಲಿಷ್ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಮಗಳೇ ಓದಿ ಸ್ಪ್ಯಾನಿಷಿನಲ್ಲಿ ಹೇಳಿದಳು. ಮಾರಿಸೋಲಳಿಗೆ ಅಷ್ಟರಲ್ಲಿ ಮೈಕ್ ಸಿಕ್ಕಿತ್ತು. ಎರಡು ಇಂಚು ಎತ್ತರವೂ ಆಗಿದ್ದಳು. ತಾಯಿ ಕೇಳುತ್ತ ಕೇಳುತ್ತ ಮಗಳ ತಲೆಯ ಮೇಲೆ ಕೈಯಿಟ್ಟಳು. ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು.

ಮಾರನೆಯ ದಿನ ಬಿಡುವಿನಲ್ಲಿ ಮಾರಿಸೋಲ್ ಒಬ್ಬಳೇ ಶೋಭಾಳನ್ನು ಹುಡುಕಿಕೊಂಡು ಬಂದಳು. ಶಾಲೆಯಲ್ಲಿ ಆಡಿಕೊಳ್ಳುತ್ತಿದ್ದದ್ದು ಅವಳ ಕಿವಿಗೂ ಬಿದ್ದಿತ್ತು.

"ಮಿಸೆಸ್ ಮೂರ್ತಿಗೆ ನನ್ನಿಂದ ಕಾಯಿಲೆ ಬಂತಾ?" ಎಂದು ಕೇಳಿದಳು.

ಶೋಭಾ ಬೆಂಚಿನ ಮೇಲೆ ಕೂತು ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. "ಇಲ್ಲ. ಆಫ್ ಮಾಡಿದ್ದು ನಾನು. ಮಾಡು ಅಂತ ನೀನು ಕೇಳಿರಲಿಲ್ಲ."

"ಆದ್ರೆ ನನಗೆ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ."

"ಹೇಳಬೇಡ ಅಂದವಳು ನಾನು. ದೊಡ್ಡವರು ಮಕ್ಕಳಿಗೆ ಹಾಗೆ ಹೇಳಬಾರದು. ಅದು ನಾನು ಮಾಡಿದ ಇನ್ನೊಂದು ತಪ್ಪು."

ಹುಡುಗಿ ನಂಬಿದಂತೆ ಕಾಣಲಿಲ್ಲ. ನಗಲೂ ಇಲ್ಲ, ಸುಮ್ಮನೆ ನಿಂತೇ ಇದ್ದಳು. ಏಳು ವರ್ಷದ ಮಗುವಿನ ತುಟಿಯ ಮೇಲೆ ಬೆರಳಿಡಿಸಿದ್ದು ಇಷ್ಟು ದಿನ ಶೋಭಾಳ ತಪ್ಪುಗಳ ಪಟ್ಟಿಯಲ್ಲೇ ಇರಲಿಲ್ಲ. ಲೀಲಾ ಒಬ್ಬರಿಗೇ ತಾನು ಕೆಟ್ಟದ್ದು ಮಾಡಿದ್ದು ಎಂದುಕೊಂಡಿದ್ದಳು.

ಸಂಜೆ ಹುಡುಗಿಯ ತಾಯಿಯ ಒಪ್ಪಿಗೆ ಕೇಳಿ, ಶೋಭಾ ಅಲ್ಲೇ ಗೇಟಿನ ಬಳಿ ಲೀಲಾಗೆ ವಿಡಿಯೋ ಕಾಲ್ ಮಾಡಿದಳು. ವಿಷಯ ಕೇಳಿದೊಡನೆ ಲೀಲಾ, "ಫೋನ್ ಅವಳ ಕೈಗೆ ಕೊಡಿ" ಎಂದರು.

ಪರದೆಯ ಮೇಲೆ ತನ್ನ ಹಳೆಯ ಟೀಚರನ್ನು ಕಂಡು ಮಾರಿಸೋಲ್ ನೆಟ್ಟಗೆ ನಿಂತಳು. ಲೀಲಾ ಅವಳಿಗೆ ನಿಧಾನವಾಗಿ, ಬಾಯಿ ಚೆನ್ನಾಗಿ ಕಾಣುವಂತೆ ಹೇಳಿದರು: ನಿನಗೆ ಕೇಳಿಸುತ್ತಿದೆಯಾ ಅಂತ ನಾನು ದಿನಾ ಕೇಳಬೇಕಿತ್ತು, ಕೇಳಲಿಲ್ಲ. ನಿನ್ನ ಪಾಲಿಗೆ ಬರುವ ತಪ್ಪು ಇದರಲ್ಲಿ ಒಂದೂ ಇಲ್ಲ. ಈಗ ಏನು ಓದುತ್ತಿದ್ದೀಯ, ಹೇಳು.

ಮಾರಿಸೋಲ್ ಚೀಲದಿಂದ ಪುಸ್ತಕ ತೆಗೆದಳು. ಅದರಲ್ಲಿ ತಿಮಿಂಗಿಲವೊಂದರ ಕತೆ ಇತ್ತು. ಓದಿ ಹೇಳು ಎಂದರು ಲೀಲಾ. ಹುಡುಗಿ ಓದತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಟ್ರಕ್ಕುಗಳ ಸದ್ದನ್ನೂ ಮೀರಿ. ತಾಯಿ ಚೀಲ ಹಿಡಿದುಕೊಂಡು ಕಾದಳು. ಶೋಭಾ ಫೋನನ್ನು ಹುಡುಗಿಯ ಮುಖದ ಎತ್ತರಕ್ಕೆ ಹಿಡಿದು ನಿಂತಿದ್ದಳು. ತೋಳು ನೋಯತೊಡಗಿತು. ಪುಟ ಮುಗಿದು ಹುಡುಗಿ ಇನ್ನೊಂದು ಪುಟ ತಿರುಗಿಸಿದಾಗ, ಸಾಕು ಎಂದು ಆ ಕಡೆಯಿಂದಲೂ ಯಾರೂ ಹೇಳಲಿಲ್ಲ.